ಹಳೇ ಲೆನ್ಸಿನ ಚಿತ್ರ ನೋಡುವುದು ಹೇಗೆ?

ಹಳೇ ಮ್ಯಾನುಯಲ್ ಲೆನ್ಸಿನಲ್ಲಿ ತೆಗೆದದ್ದು ಎಂದು ಯಾರಾದರೂ ಚಿತ್ರ ತೋರಿಸಿದರೆ ಮುಖ ನೋಡುವ ಮೊದಲು ಮೂಲೆ ನೋಡಿ. ಚಿತ್ರದ ನಟ್ಟನಡುವೆ ಇರುವ ಮುಖ ಹೆಚ್ಚುಕಡಿಮೆ ಯಾವ ಲೆನ್ಸಿನಲ್ಲೂ ಚೆನ್ನಾಗಿಯೇ ಬರುತ್ತದೆ. ಲೆನ್ಸಿನ ಬಂಡವಾಳ ಬಯಲಾಗುವುದು ಅಂಚಿನಲ್ಲಿ, ಹಿನ್ನೆಲೆಯಲ್ಲಿ, ಬಿಸಿಲು ಎದುರಿಗೇ ಹೊಡೆಯುವಾಗ.

ಸೋವಿಯತ್ ಕಾಲದ ಹೀಲಿಯೋಸ್ 44-2 ತೆಗೆದುಕೊಳ್ಳಿ. 58 ಮಿ.ಮೀ., ಎಫ್/2, ಜರ್ಮನಿಯ ಝೈಸ್ ಬಯೋಟಾರ್ ವಿನ್ಯಾಸದ ಜಾಡಿನಲ್ಲಿ ಬಂದದ್ದು. ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಿ, ಎಲೆಸಂದಿಯಿಂದ ಬಿಸಿಲು ಸೋರುವ ಮರವೊಂದನ್ನು ಹಿಂದಿಟ್ಟುಕೊಂಡು ಯಾರನ್ನಾದರೂ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು ತೆಗೆದರೆ ಹಿಂದಿನ ಬೆಳಕಿನ ಚುಕ್ಕೆಗಳೆಲ್ಲ ಮುಖದ ಸುತ್ತ ಸುಳಿಯಾಗುತ್ತವೆ. ನಡುವೆ ದುಂಡಗಿರುವ ಚುಕ್ಕೆ ಅಂಚಿಗೆ ಸರಿದಂತೆ ಬೆಕ್ಕಿನ ಕಣ್ಣಿನಂತೆ ಚಪ್ಪಟೆಯಾಗುತ್ತದೆ. ಓರೆಯಾಗಿ ಬಂದ ಬೆಳಕನ್ನು ಲೆನ್ಸಿನ ಕೊಳವೆಯೇ ಅಷ್ಟಿಷ್ಟು ತಡೆಯುವುದು ಇದಕ್ಕೊಂದು ಕಾರಣ. ಶಾಸ್ತ್ರದ ಪ್ರಕಾರ ಇದು ದೋಷ. ಹೊಸ ಲೆನ್ಸುಗಳು ಇದನ್ನು ಬಹುಮಟ್ಟಿಗೆ ತಿದ್ದಿಕೊಂಡಿವೆ. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ ಅಂಚೇ ಕತ್ತರಿಸಿಹೋಗುವುದರಿಂದ ಸುಳಿಯೂ ಅರ್ಧಕ್ಕರ್ಧ ಮಾಯ. ಪೂರ್ತಿ ಸುಳಿ ಬೇಕೆನ್ನುವವರಿಗೆ ಫುಲ್‌ಫ್ರೇಮೇ ಗತಿ.

ಆದರೆ ಎಲ್ಲ ದೋಷವೂ ಗುಣವಲ್ಲ. ಹಾಸನದ ಬಳಿಯ ಶೆಟ್ಟಿಹಳ್ಳಿ ಚರ್ಚನ್ನೇ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟೆ ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತದೆ. ಹಳೇ ಲೆನ್ಸಿನ ಗಾಜಿನ ಮೇಲೆ ಪ್ರತಿಫಲನ ತಡೆಯುವ ಲೇಪ ಹೆಚ್ಚಾಗಿ ಒಂದೇ ಪದರದ್ದು. ಅದನ್ನು ಅಲ್ಲಿ ಸೂರ್ಯನಿಗೆ ಎದುರು ಹಿಡಿದರೆ ಬೆಳಕು ಗಾಜಿನೊಳಗೇ ಚದುರಿ, ಕಪ್ಪಾಗಿರಬೇಕಾದ ನೆರಳು ಬೂದಿಬಣ್ಣಕ್ಕೆ ತಿರುಗುತ್ತದೆ. ಇದನ್ನೇ ಕನಸಿನಂತಿದೆ ಎಂದು ಹೊಗಳುವವರಿದ್ದಾರೆ. ಛಾವಣಿ ಹೋದ ಕಮಾನು, ಸುತ್ತ ನೀರು: ಅಲ್ಲಿ ನಾಟಕ ಆಗಲೇ ಬೇಕಾದಷ್ಟಿದೆ, ಲೆನ್ಸು ಬೇರೆ ಅಳಬೇಕಾಗಿಲ್ಲ. ನನಗಂತೂ ಅಲ್ಲಿ ಹೊಸ ಲೆನ್ಸಿನ ಖಡಕ್ ನೆರಳೇ ಮೇಲು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ವಾದಕ್ಕೇ ಜಾಗವಿಲ್ಲ. 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ಬಳಪದ ಕಲ್ಲಿನಲ್ಲಿ ಹಾರದ ಮಣಿಮಣಿ ಬಿಡಿಸಿದವರ ಕೆಲಸವನ್ನು ಮಂಜು ಮಾಡಿ ತೋರಿಸುವುದು ಅವರಿಗೆ ಮಾಡುವ ಅಪಚಾರ. ಹಳೇ ಲೆನ್ಸೇ ಕೈಯಲ್ಲಿದ್ದರೆ ಎಫ್/8ಕ್ಕೆ ಇಳಿಸಿ. ಒಳ್ಳೆಯ ಐವತ್ತು ಮಿ.ಮೀ. ಅಲ್ಲಿ ಹೊಸದರ ಪಕ್ಕ ತಲೆಯೆತ್ತಿ ನಿಲ್ಲುತ್ತದೆ. ನವರಂಗದ ಕತ್ತಲೆಯಲ್ಲಿ ಕೈ ನಡುಗುವ ಭಯವಿದ್ದರೆ, ಕ್ಯಾಮೆರಾ ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇದೆಯೇ ನೋಡಿ. ಲೆನ್ಸಿನ ಫೋಕಲ್ ಲೆಂತ್ ಅನ್ನು ಮೆನುವಿನಲ್ಲಿ ನೀವೇ ತುಂಬಿದರೆ ಅದು ಹಳೇ ಗಾಜಿಗೂ ದುಡಿಯುತ್ತದೆ.

ಹಳೇ ಲೆನ್ಸಿನ ನಿಜವಾದ ಸುಖ ಜಾತ್ರೆಯಲ್ಲಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ರಥೋತ್ಸವಕ್ಕೆ 28 ಮಿ.ಮೀ. ಲೆನ್ಸ್ ಹಾಕಿಕೊಂಡು ಹೋಗಿ. ಎಫ್/8 ಇಟ್ಟು ರಿಂಗನ್ನು 3.3 ಮೀಟರ್ ಗುರುತಿಗೆ ತನ್ನಿ. ಫುಲ್‌ಫ್ರೇಮಿನಲ್ಲಿ ಒಂದೂಮುಕ್ಕಾಲು ಮೀಟರಿನಿಂದಾಚೆಗೆ ತೇರಿನ ಕಳಶದವರೆಗೂ ಎಲ್ಲ ಸ್ಪಷ್ಟ. ಇನ್ನು ಫೋಕಸ್ ಮುಟ್ಟುವ ಕೆಲಸವಿಲ್ಲ. ಹಗ್ಗ ಎಳೆಯುವವರ ನಡುವೆ ನುಗ್ಗಿ ಬರೀ ಒತ್ತುತ್ತಾ ಹೋಗಿ. ಹೊಸ ಲೆನ್ಸುಗಳಲ್ಲಿ ಎಷ್ಟಕ್ಕೋ ಈ ದೂರದ ಗುರುತೇ ಇಲ್ಲ, ರಿಂಗು ಕೊನೆಮೊದಲಿಲ್ಲದೆ ತಿರುಗುತ್ತಲೇ ಇರುತ್ತದೆ. ಜಾತ್ರೆಯ ಇಂಥ ಚಿತ್ರ ನೋಡುವಾಗ ಮುಂದಿನ ಬೆವರಿದ ತೋಳಿನಿಂದ ಹಿಂದಿನ ಮಾಳಿಗೆಯ ಜನದವರೆಗೆ ಕಣ್ಣು ಎಲ್ಲೂ ಎಡವದೆ ಓಡುತ್ತದೆಯೇ ಎಂದು ಗಮನಿಸಿ.

ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವುದು ಸುಲಭ. ಎಂ42 ತಿರುಪಿನ ಲೆನ್ಸಿಗೆ ಸೆನ್ಸರಿನಿಂದ 45.46 ಮಿ.ಮೀ. ದೂರ ಬೇಕು, ಸೋನಿ ಇ ಮೌಂಟಿನದು 18 ಮಾತ್ರ. ಮಿಕ್ಕ ಜಾಗವನ್ನು ಗಾಜಿಲ್ಲದ ಟೊಳ್ಳು ಅಡಾಪ್ಟರ್ ತುಂಬುತ್ತದೆ. ಆದರೆ ನಿಕಾನ್ ಡಿಎಸ್‌ಎಲ್‌ಆರ್‌ಗೆ ಬೇಕಾದ ದೂರ 46.5, ಹಾಗಾಗಿ ಅಡಾಪ್ಟರಿನಲ್ಲಿ ಇನ್ನೊಂದು ಗಾಜಿಲ್ಲದಿದ್ದರೆ ದೂರದ ಬೆಟ್ಟ ಫೋಕಸ್ ಆಗುವುದಿಲ್ಲ.

ಕೊಳ್ಳುವ ಮುನ್ನ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಎಳೆಯಂಥದ್ದು ಕಂಡರೆ ಅದು ಫಂಗಸ್. ಎಷ್ಟು ಅಗ್ಗವಾದರೂ ಬೇಡ. ಕೊಂಡದ್ದನ್ನು ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.