ಯುದ್ಧಚಿತ್ರ ಮತ್ತು ಪ್ರೇಕ್ಷಕ: ‘ಸೋಮ್ ಕದನ’ವನ್ನು ಕುರಿತು ಒಂದು ವಿಚಾರ

ಯುದ್ಧವನ್ನು ಇದ್ದುದಿದ್ದಂತೆ ತೋರಿಸುವ ಚಿತ್ರವೊಂದು ಬಂದಾಗಲೆಲ್ಲ, ಪ್ರೇಕ್ಷಕರು ಅತ್ತರು, ಚೀರಿದರು, ನಡುವೆಯೇ ಎದ್ದುಹೋದರು ಎಂಬ ಸುದ್ದಿಯೂ ಅದರ ಬೆನ್ನಿಗೇ ಬರುವುದುಂಟು. ಚಿತ್ರದ ಸತ್ಯತೆಗೆ ಈ ಸುದ್ದಿಯೇ ಸಾಕಾದ ಪ್ರಮಾಣವೆಂದು ವಿಮರ್ಶಕರಲ್ಲಿ ಹಲವರು ಒಪ್ಪಿಬಿಡುತ್ತಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. 1916ರ ಬ್ರಿಟಿಷ್ ಮೂಕಚಿತ್ರ ‘ಸೋಮ್ ಕದನ’ವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಫ್ರಾನ್ಸಿನ ಸೋಮ್ ನದಿಯ ಪ್ರಾಂತದಲ್ಲಿ ಆ ವರ್ಷದ ಜುಲೈ 1ರಂದು ಆರಂಭವಾದ ಆಕ್ರಮಣದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಮೊದಲ ದಿನವೇ ಒದಗಿದ ನಷ್ಟ, ಗಾಯಗೊಂಡವರೂ ಸೇರಿ, 57,470 ಮಂದಿ, ಸತ್ತವರೇ 19,240. ಜೆಫ್ರಿ ಮ್ಯಾಲಿನ್ಸ್, ಜಾನ್ ಮ್ಯಾಕ್‌ಡೊವೆಲ್ ಎಂಬ ಛಾಯಾಗ್ರಾಹಕರು ತೆಗೆದ ದೃಶ್ಯಗಳು ಆಗಸ್ಟಿನಲ್ಲಿಯೇ ಲಂಡನ್ನಿನ ತೆರೆಯ ಮೇಲಿದ್ದವು. ಆರು ವಾರಗಳಲ್ಲಿ ಸುಮಾರು 2 ಕೋಟಿ ಟಿಕೆಟುಗಳು ಮಾರಾಟವಾದವೆಂದು ಅಂದಾಜು. ಕದನವಿನ್ನೂ ಮುಗಿದಿರಲಿಲ್ಲ. ಬಂದವರಲ್ಲಿ ಮಗನನ್ನೋ ತಮ್ಮನನ್ನೋ ಕಳೆದುಕೊಂಡವರಿದ್ದರು. ತೆರೆಯ ಮೇಲೆ ಪರಿಚಿತ ಮುಖವನ್ನು ಹುಡುಕುವವರಿದ್ದರು.

ಅತ್ಯಂತ ಹೆಚ್ಚು ಮಾತಿಗೆ ವಿಷಯವಾದ ದೃಶ್ಯ ಒಂದು ನಿಮಿಷದಷ್ಟೂ ಇಲ್ಲ. ಸಿಪಾಯಿಗಳು ಕಂದಕದ ದಂಡೆಯನ್ನೇರಿ ಮುನ್ನುಗ್ಗುತ್ತಾರೆ. ಒಬ್ಬನು ಏರುತ್ತಿರುವಾಗಲೇ ಜಾರಿಬಿದ್ದು ನಿಶ್ಚಲನಾಗುತ್ತಾನೆ. ಆಚೆ ಮುಳ್ಳುತಂತಿಯ ಬಳಿ ಇನ್ನಿಬ್ಬರು ಉರುಳುತ್ತಾರೆ. ಇಲ್ಲಿ ಪ್ರೇಕ್ಷಕರು ಚೀರಿದ್ದುಂಟು. ಆದರೆ ಇದು ರಣರಂಗದಲ್ಲಿ ತೆಗೆದುದಲ್ಲ, ಹಿಂದಿನ ತರಬೇತಿ ಶಾಲೆಯೊಂದರಲ್ಲಿ ಏರ್ಪಡಿಸಿ ತೆಗೆದುದೆಂದು ಚಿತ್ರವನ್ನು ಪರಿಶೀಲಿಸಿದ ವಿದ್ವಾಂಸರು ನಿರ್ಣಯಿಸಿದ್ದಾರೆ. ಬಿದ್ದವರು ಮಣ್ಣು ಕೊಡವಿಕೊಂಡು ಎದ್ದುಹೋಗಿರಬೇಕು! ಬೋಮೋಂ ಆಮೆಲ್ ಗ್ರಾಮದ ಎದುರಿನ ತಗ್ಗುದಾರಿಯ ದೃಶ್ಯವಾದರೋ ಅಪ್ಪಟ ನಿಜ. ಲ್ಯಾಂಕಷೈರ್ ಫ್ಯುಸಿಲಿಯರ್ಸ್ ದಳದವರು ಅಲ್ಲಿ ಆಜ್ಞೆಗಾಗಿ ಕಾದು ಕುಳಿತಿದ್ದಾರೆ. ಕೆಲವರು ಕ್ಯಾಮೆರಾದತ್ತ ನಗುತ್ತಾರೆ, ಕೆಲವರು ಸುಮ್ಮನೆ ನೋಡುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಅವರಲ್ಲಿ ಬಹುಮಂದಿ ಮೆಷಿನ್ ಗನ್ನಿಗೆ ತುತ್ತಾದರು. ಈ ದೃಶ್ಯಕ್ಕೆ ಚೀರಿದವರ ಸುದ್ದಿಯನ್ನು ನಾವೆಲ್ಲಿಯೂ ಕಂಡಿಲ್ಲ.

ಲೌಕಿಕ ಶೋಕವೇ ಬೇರೆ, ಕರುಣರಸವೇ ಬೇರೆ ಎಂಬುದು ನಮ್ಮ ಆಲಂಕಾರಿಕರ ಮತ. ಭಾವವು ‘ನನ್ನದು’, ‘ಪರರದು’ ಎಂಬ ಕಟ್ಟನ್ನು ಕಳಚಿಕೊಂಡಲ್ಲದೆ ಆಸ್ವಾದಕ್ಕೆ ಒದಗದು. ಭಟ್ಟನಾಯಕನು ಹೇಳುವ ಸಾಧಾರಣೀಕರಣವೆಂದರೆ ಇದೇ. ಮಗನ ಮುಖವನ್ನು ತೆರೆಯ ಮೇಲೆ ಅರಸುವ ತಾಯಿ ಸಹೃದಯಳ ಸ್ಥಾನದಲ್ಲಿಲ್ಲ. ಈ ಚಿತ್ರವು ಶೋಕದ ಪಾವಿತ್ರ್ಯಕ್ಕೆ ಭಂಗ ತರುವ ವಿನೋದವೆಂದು ಡರ್ಹಮ್ ಕತೀಡ್ರಲಿನ ಡೀನ್ ಹೆನ್ಸ್ಲಿ ಹೆನ್ಸನ್ ‘ಟೈಮ್ಸ್’ ಪತ್ರಿಕೆಯಲ್ಲಿ ಪ್ರತಿಭಟಿಸಿದುದರಲ್ಲಿ ಆದ್ದರಿಂದ ಹುರುಳಿಲ್ಲದೆ ಇಲ್ಲ. ಆದರೆ ಅವರಿಗೆ ಉತ್ತರ ಬರೆದವರಲ್ಲಿ ಮಕ್ಕಳನ್ನು ಕಳೆದುಕೊಂಡವರೇ ಇದ್ದರು. ಅವರು ರಸಾಸ್ವಾದಕ್ಕೆ ಹೋದವರಲ್ಲ. ತಮ್ಮ ಹುಡುಗರು ಬಾಳಿದ ಬಗೆಯನ್ನು, ಸತ್ತ ಬಗೆಯನ್ನು ತಿಳಿಯಲು ಹೋದವರು. ಯುದ್ಧಸಚಿವ ಲಾಯ್ಡ್ ಜಾರ್ಜ್ ಅವರ ಕಾರ್ಯದರ್ಶಿಯಾಗಿದ್ದ ಫ್ರಾನ್ಸಿಸ್ ಸ್ಟೀವನ್‌ಸನ್ ಅವರ ತಮ್ಮನೂ ಯುದ್ಧದಲ್ಲಿ ಮಡಿದಿದ್ದನು. ಚಿತ್ರವನ್ನು ಗ್ರೀಕರ ದುರಂತನಾಟಕಕ್ಕೆ ಹೋಲಿಸಿ, ತಮ್ಮನು ಪಟ್ಟ ಪಾಡು ಈಗ ತನಗೆ ತಿಳಿಯಿತೆಂದು ಆಕೆ ದಿನಚರಿಯಲ್ಲಿ ಬರೆದುಕೊಂಡರು. ನಮ್ಮನ್ನು ತಡೆದು ನಿಲ್ಲಿಸುವುದು ‘ತಿಳಿಯಿತು’ ಎಂಬ ಈ ಮಾತು. ದುಃಖಿಗಳು ಕೇಳಿದುದು ತಿಳಿವನ್ನು. ತರಬೇತಿ ಶಾಲೆಯಲ್ಲಿ ನಟಿಸಿದ ಸಾವನ್ನು ನಿಜವೆಂದು ಅವರ ಮುಂದಿಟ್ಟುದು ಅಪಚಾರವೆಂದೇ ನಮ್ಮ ಅಭಿಪ್ರಾಯ. ಅವರ ಕಣ್ಣೀರು ಸಾಚಾ ಆಗಿದ್ದುದರಿಂದ ಆ ಅಪಚಾರ ಕಡಿಮೆಯಾಗುವುದಿಲ್ಲ.

ಹಾಗೆಂದು ಆ ಕಣ್ಣೀರು ಇತಿಹಾಸಕಾರನಿಗೆ ನಿರುಪಯುಕ್ತವಲ್ಲ. ಸೋಮ್ ಪ್ರಾಂತದಲ್ಲಿ ನಡೆದುದೇನು ಎಂಬುದಕ್ಕೆ ಅದು ಆಕರವಾಗದು. ಊರಿನಲ್ಲಿ ಉಳಿದವರು ಯುದ್ಧವನ್ನು ಹೇಗೆ ಊಹಿಸಿಕೊಂಡಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಕರ ದೊರೆಯುವುದು ಕಷ್ಟ. ಅನುಭವಿಗಳ ಪ್ರತಿಕ್ರಿಯೆಯ ಬಗೆಯೇ ಬೇರೆ. ಸೆಪ್ಟೆಂಬರಿನಲ್ಲಿ ಚಿತ್ರವನ್ನು ಫ್ರಾನ್ಸಿನಲ್ಲಿದ್ದ ಸಿಪಾಯಿಗಳಿಗೂ ತೋರಿಸಿದಾಗ, ರೋಲೆಂಡ್ ಫೀಲ್ಡಿಂಗ್ ಎಂಬ ಅಧಿಕಾರಿ ಪತ್ನಿಗೆ ಬರೆದ ಪತ್ರದಲ್ಲಿ ಎತ್ತಿ ಹೇಳಿದುದು ಗುಂಡಿನ ಸದ್ದೇ ಅದರಲ್ಲಿಲ್ಲವೆಂಬುದನ್ನು. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರ ಆ ಸದ್ದನ್ನೂ ಒದಗಿಸಿತು. ಅದರ ನಾರ್ಮಂಡಿ ಕಡಲತೀರ ಐರ್ಲೆಂಡಿನಲ್ಲಿ ಕಟ್ಟಿದ್ದು. ಅಲ್ಲಿ ಸತ್ತವನು ಒಬ್ಬನೂ ಇಲ್ಲ. ಆದರೂ ಚಿತ್ರವನ್ನು ನೋಡಿ ಕಳವಳಗೊಂಡ ಮಾಜಿ ಸೈನಿಕರಿಗಾಗಿ ಅಮೆರಿಕ ಸರಕಾರದ ಇಲಾಖೆ ಪ್ರತ್ಯೇಕ ದೂರವಾಣಿಯನ್ನು ಏರ್ಪಡಿಸಬೇಕಾಯಿತು.