ಏಳನೆಯ ವಿದ್ಯಾರ್ಥಿ

ಯಾರು ಬೇಕಾದರೂ ಬಂದು ಬರೆಯಬಹುದು ಎಂಬುದು ವಿಕಿಪೀಡಿಯದ ಹೆಮ್ಮೆ. ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜುಗಳಲ್ಲಿ ಕನ್ನಡ, ತುಳು ವಿಕಿಪೀಡಿಯಕ್ಕೆಂದು ವಿದ್ಯಾರ್ಥಿಗಳಿಗೆ ತರಬೇತಿ ನಡೆದಿದೆ. ಇಂಥ ತರಬೇತಿಗೆ ಇಳಿದವರಿಗೆ ಆ ಹೆಮ್ಮೆಯ ಹಿಂದಿನ ಸಣ್ಣ ಅಕ್ಷರಗಳೂ ಕಾಣುತ್ತವೆ. ಒಂದು ಐಪಿ ವಿಳಾಸದಿಂದ 24 ಗಂಟೆಯೊಳಗೆ 6 ಖಾತೆ ತೆರೆಯಬಹುದು, ಅಷ್ಟೇ. ಕಂಪ್ಯೂಟರ್ ಲ್ಯಾಬಿನಲ್ಲಿ ನಲವತ್ತು ಜನ ಕೂತಿದ್ದರೂ ಸಾಮಾನ್ಯವಾಗಿ ಹೊರಗೆ ಕಾಣುವುದು ಒಂದೇ ವಿಳಾಸ. ಏಳನೆಯ ವಿದ್ಯಾರ್ಥಿ ಬಾಗಿಲಲ್ಲೇ ನಿಲ್ಲುತ್ತಾಳೆ.

ಖಾತೆಯಿಲ್ಲದೆಯೂ ತಿದ್ದಬಹುದಲ್ಲ ಎನ್ನಬಹುದು. ತಿದ್ದಬಹುದು, ಆದರೆ ಬರೆದದ್ದು ಅವಳ ಹೆಸರಿಗೆ ದಾಖಲಾಗುವುದಿಲ್ಲ, ಮೇಷ್ಟ್ರಿಗೆ ಲೆಕ್ಕ ಸಿಗುವುದಿಲ್ಲ.

ಮಿತಿಗೆ ಕಾರಣವಿಲ್ಲದಿಲ್ಲ. ಒಬ್ಬನೇ ಹತ್ತು ಹೆಸರಿನಲ್ಲಿ ಬಂದು ಲೇಖನ ಕೆಡಿಸುವುದು, ಚರ್ಚೆಯಲ್ಲಿ ತನ್ನ ಮಾತಿಗೆ ತಾನೇ ತಲೆದೂಗುವುದು ಅಲ್ಲಿ ಹಳೆಯ ಕಾಟ. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಅದು ಸಂಪರ್ಕವನ್ನು ಎಣಿಸಿ ಜನರನ್ನು ಎಣಿಸಿದೆ ಅಂದುಕೊಳ್ಳುತ್ತದೆ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಅನೇಕರಿಗೆ ಹಂಚುವ ನಮ್ಮಲ್ಲಿ, ಎಲ್ಲೋ ಯಾರದೋ ಕಿಡಿಗೇಡಿತನಕ್ಕೆ ಬೆಳ್ತಂಗಡಿಯವನಿಗೂ ತಡೆ ಬೀಳಬಹುದು.

ಇದಕ್ಕಿಂತ ಬಿಗಿಯಾದ ಇನ್ನೊಂದು ಬಾಗಿಲನ್ನು ಮಾತ್ರ ನಾನು ಒಪ್ಪುತ್ತೇನೆ. ತುಳು ವಿಕಿಪೀಡಿಯ ಸ್ವತಂತ್ರ ತಾಣವಾದದ್ದು 2016ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲು ಸುಮಾರು ಎಂಟು ವರ್ಷ ಇನ್‌ಕ್ಯುಬೇಟರ್ ಎಂಬ ಪ್ರಯೋಗತಾಣದಲ್ಲಿ ಇತ್ತು. ಅಲ್ಲಿಂದ ಹೊರಬರಲು ತಿಂಗಳಿಂದ ತಿಂಗಳಿಗೆ ಬಿಡದೆ ಬರೆಯುವ ಬಳಗ ಬೇಕು, ತಾಣದ ಗುಂಡಿ-ಸೂಚನೆಗಳೆಲ್ಲ ಆ ಭಾಷೆಗೆ ಬರಬೇಕು, ಬರೆದದ್ದು ನಿಜಕ್ಕೂ ಆ ಭಾಷೆಯೇ ಎಂದು ಬಲ್ಲವರು ಹೇಳಬೇಕು. ಕಾಯಿಸಿದ್ದು ಬೇಸರದ ಸಂಗತಿಯೇ. ಆದರೆ ಅಲ್ಲಿ ಕೇಳಿದ್ದು ದುಡಿಮೆಯನ್ನು, ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಬಳಗವೊಂದು ಕೂಡಿತ್ತು.

ಒಳಗೆ ಬಂದ ಮೇಲೂ ತಡೆಯುಂಟು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಬದುಕಿನ ಹಳೆಯ ಸಲಕರಣೆಗಳಿವೆ. ಅವನ್ನು ಕೈಯಾರೆ ಬಳಸಿದ ಅಜ್ಜಿಗೆ ಖಾತೆ ಸಿಗುತ್ತದೆ, ಅವರ ಮಾತಿಗೆ ಜಾಗ ಸಿಗುವುದಿಲ್ಲ. ಪ್ರಕಟವಾದ ಆಧಾರ ಬೇಕು. ಈ ನಿಯಮ ಕಿತ್ತರೆ ಗುತ್ತು ಎನಿಸಿಕೊಂಡ ಪ್ರತಿ ದೊಡ್ಡ ಮನೆತನದವರೂ ತಮ್ಮ ಬಿರುದಾವಳಿ ಬರೆದಾರು, ನಿಜ. ಆದರೂ ಬಾಯಿಂದ ಬಾಯಿಗೆ ಬಂದ ಪಾಡ್ದನವೆಂಬ ಹಾಡುಗತೆಗಳ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ.

ಲ್ಯಾಬಿನ ತೊಡಕಿಗೆ ಪರಿಹಾರ ಈಗಲೇ ಇದೆ. ಮೊದಲೇ ಕೋರಿಕೆ ಸಲ್ಲಿಸಿ ಆ ದಿನಕ್ಕೆ, ಆ ವಿಳಾಸಕ್ಕೆ ಮಿತಿ ಸಡಿಲಿಸಿಕೊಳ್ಳಬಹುದು. ತಾಣದ ನಿರ್ವಾಹಕರು ಖಾತೆ ತೆರೆದುಕೊಟ್ಟರೆ ಆರರ ಲೆಕ್ಕವೇ ಇಲ್ಲ. ಸಣ್ಣ ತಾಣಗಳಲ್ಲಿ ಇಂಥ ನಿರ್ವಾಹಕರು ಕೆಲವೇ ಮಂದಿ, ಹಲವರ ಅಧಿಕಾರಕ್ಕೆ ಅವಧಿಯ ಮಿತಿ ಬೇರೆ. ಖಾತೆ ತೆರೆದುಕೊಡುವ ಆ ಒಂದು ಹಕ್ಕನ್ನಾದರೂ ಪ್ರತಿ ಕಾಲೇಜಿನ ಸಂಯೋಜಕರಿಗೆ ಕೊಟ್ಟಿಡಬೇಕು, ಕಾರ್ಯಾಗಾರದ ಹಿಂದಿನ ದಿನ ಬೇಡುವಂತಾಗಬಾರದು.