ದೋಷಶೋಧನೆಯಲ್ಲಿ ಒಂದು ಪೂರ್ವಗ್ರಹ

ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು ಈ ಮೂರೆಡೆಯೂ ಇಂದು ಇಂಜಿನಿಯರಿಂಗ್ ಕಾಲೇಜುಗಳಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಗ್ರಾಫಿಕ್ಸ್ ಪ್ರಯೋಗಗಳ ಜೊತೆಗೆ ಕಿರುಯೋಜನೆಯೂ ಇತ್ತು. ಇಂಥ ಪಾಠದ ಸಂದರ್ಭದಲ್ಲಿ, ‘ದೋಷವನ್ನು ಹುಡುಕಬೇಕಾದರೆ ಮೊದಲು ಆಪ್ಟಿಮೈಸೇಷನ್ ನಿಲ್ಲಿಸಬೇಕು’ ಎಂಬ ಸೂತ್ರವನ್ನು ಪರಾಮರ್ಶಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಸೂತ್ರವು ನಿರಾಧಾರವಾದುದಲ್ಲ. ಆಪ್ಟಿಮೈಸೇಷನ್ ನಡೆಸುವ ಕಂಪೈಲರು ಆಜ್ಞೆಗಳ ಕ್ರಮವನ್ನು ಬದಲಿಸುತ್ತದೆ, ಅನಗತ್ಯವೆನಿಸಿದ ವೇರಿಯಬಲ್‌ಗಳನ್ನು ತೊಡೆದುಹಾಕುತ್ತದೆ. ಡಿಬಗರಿನಲ್ಲಿ ಸಾಲುಗಳು ಹಿಂದುಮುಂದಾಗಿ ಕಾಣುತ್ತವೆ. ಆದರೆ ಲೈಬ್ರರಿಯೇ ಆಪ್ಟಿಮೈಸೇಷನ್ನನ್ನು ಬೇಡಿದರೆ ಗತಿಯೇನು? 1990ರ ದಶಕದಲ್ಲಿ, ಲಿನಕ್ಸಿನ ಪ್ರೋಗ್ರಾಂಗಳು ವಿಜಿಎ ಯಂತ್ರಭಾಗವನ್ನು ನೇರವಾಗಿ ನಡೆಸುತ್ತಿದ್ದಾಗ, ಈ ಪ್ರಶ್ನೆ ಎದ್ದಿತ್ತು. ಪೋರ್ಟುಗಳಿಗೆ ಬರೆಯುವ ಕಿರುಫಂಕ್ಷನ್ನುಗಳನ್ನು ಹೆಡರ್ ಕಡತದಲ್ಲಿ ‘ಎಕ್ಸ್‌ಟರ್ನ್ ಇನ್‌ಲೈನ್’ ಎಂದು ಘೋಷಿಸಲಾಗಿತ್ತು. ಜಿಸಿಸಿ ಕಂಪೈಲರಿನ ಅಂದಿನ ನಿಯಮದಂತೆ, ಕರೆದ ಸ್ಥಳದಲ್ಲಿಯೇ ಬೆಸೆದರೆ ಮಾತ್ರ ಅವುಗಳಿಗೆ ಅಸ್ತಿತ್ವ. ‘-ಓ’ ಸೂಚನೆಯಿಲ್ಲದೆ ಬೆಸುಗೆ ನಡೆಯದು; ಆಗ ಹೆಸರು ದೊರೆಯಲಿಲ್ಲವೆಂದು ಲಿಂಕರು ನಿಂತುಬಿಡುತ್ತದೆ. ಇಂದಿನ ಜಿಎಲ್‌ಎಂನಂಥ ಗಣಿತ ಲೈಬ್ರರಿಗಳಲ್ಲಿ ಲಿಂಕಿಗೆ ಅಡ್ಡಿಯಿಲ್ಲ. ಆದರೆ ಪ್ರತಿಯೊಂದು ಸಣ್ಣ ಕರೆಯೂ ಕರೆಯಾಗಿಯೇ ಉಳಿದು ಚಿತ್ರದ ಚಲನೆ ಮಂದವಾಗುತ್ತದೆ.

ಇಡೀ ಪ್ರೋಗ್ರಾಂ ಅವಿಭಾಜ್ಯವೆಂದು ಭಾವಿಸಿರುವುದೇ, ನಮ್ಮ ಅಭಿಪ್ರಾಯದಲ್ಲಿ, ಈ ಸೂತ್ರದ ಕೊರತೆ. ಕಂಪೈಲರು ಒಂದೊಂದು ಕಡತವನ್ನೂ ಬೇರೆಬೇರೆಯಾಗಿ ಸಂಸ್ಕರಿಸುತ್ತದೆ. ಲೈಬ್ರರಿಯನ್ನು ಕರೆಯುವ ಭಾಗವನ್ನು ಪ್ರತ್ಯೇಕ ಕಡತಕ್ಕೆ ಸರಿಸಿ ಅದಕ್ಕೆ ಮಾತ್ರ ‘-ಓ2’ ಕೊಟ್ಟು, ಉಳಿದುದನ್ನು ಆಪ್ಟಿಮೈಸೇಷನ್ ಇಲ್ಲದ ‘-ಓ0’ದಲ್ಲಿಯೇ ಇಟ್ಟುಕೊಂಡು ಪರೀಕ್ಷಿಸಬಹುದು. ಡಿಬಗರಿಗೆ ಬೇಕಾದ ‘-ಜಿ’ ಸೂಚನೆಯನ್ನು ಜಿಸಿಸಿಯು ‘-ಓ’ದೊಡನೆಯೂ ಒಪ್ಪುತ್ತದೆ, 2013ರ 4.8ನೆಯ ಆವೃತ್ತಿಯು ‘-ಓಜಿ’ ಎಂಬ ಮಧ್ಯಮಮಾರ್ಗವನ್ನೂ ಒದಗಿಸಿತು.

ಮತ್ತೊಂದು ಅಂಶ ಇದಕ್ಕಿಂತ ಮುಖ್ಯವಾದುದು. ಆಪ್ಟಿಮೈಸೇಷನ್ ನಿಲ್ಲಿಸಿದೊಡನೆ ದೋಷವು ಮರೆಯಾದರೆ ಅದು ನಿವಾರಣೆಯಾಯಿತೆಂದು ತಿಳಿಯಬಾರದು. ಆರಂಭದ ಬೆಲೆ ಕೊಡದ ವೇರಿಯಬಲ್, ಮೇರೆ ಮೀರಿದ ಅರೇ ಇವೆಲ್ಲ ‘-ಓ0’ದಲ್ಲಿ ಅಡಗಿದ್ದು ‘-ಓ2’ರಲ್ಲಿ ತಲೆಯೆತ್ತಬಲ್ಲವು. ಆಗ ಕಂಪೈಲರನ್ನು ದೂರುವುದು ಆತುರದ ತೀರ್ಪಾದೀತು.

ಧವಳಾ ಟೀಕೆಯ ಮುದ್ರಣವು 1939ರಲ್ಲಿ ನಕಲುಪ್ರತಿಗಳ ಆಧಾರದಿಂದ ಆರಂಭವಾಗಿ, ಮುಂದೆ ಮೂಡುಬಿದಿರೆಯ ತಾಳೆಯೋಲೆಗಳೊಡನೆ ಪಾಠಗಳನ್ನು ಹೋಲಿಸಲಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಸುಲಭವಾಗಿ ದೊರೆತ ಪ್ರತಿಯಿಂದ ಕೆಲಸವನ್ನು ಮೊದಲಿಡುವುದು ತಪ್ಪಲ್ಲ. ನಿರ್ಣಯ ಮಾತ್ರ ಮೂಲದ ಮುಂದೆ ಆಗಬೇಕು. ವಿದ್ಯಾರ್ಥಿಗೆ ‘-ಓ0’ ಅಂಥ ಸುಲಭಪ್ರತಿ. ಕೊನೆಯಲ್ಲಿ ಪರೀಕ್ಷೆಗೆ ಒಳಗಾಗಬೇಕಾದುದು ಜನರ ಕೈಸೇರುವ ಪ್ರೋಗ್ರಾಂ.